ನಾರ್ವೆದಿಂದ ಬರಬೇಕಾದ ಮುಯ್ಯಾಳು

ಪುಕ್ಕಟೆ ಕೆಲಸಕ್ಕ ಕೈ ಹಾಕಿದಾಂವ ಒಮ್ಮೆರೆ ನಗೆಪಾಟಲಾಗದ ಉಳಿಯಾಂಗಿಲ್ರಿ. ನಾನಂತೂ ಒಂದ ಹಂಗಾಮಿನ್ಯಾಗ ನಾಕ ಸಲ ಆದೆ.

ತೊಂಬತ್ತರ ದಶಕದ ಕಡೇ ವರ್ಷ. ಚಿಕ್ಕೋಡಿಯೊಳಗ ಖೋಲಿ ಹಿಡದು ಕಂಪ್ಯೂಟರ್ ಡಿಪ್ಲೊಮಾ ಕಲಿಯಾಕತ್ತಿದ್ದೆ. ಮಾಸಪತ್ರಿಕೆ ಜೋಡಿ ಬಂದ ಸಿಡಿಯೊಳಗ ಒಂದ ಕ್ಯಾಲೆಂಡರ್ ಪ್ರೋಗ್ರಾಮ್ ಸಿಕ್ತು. ನಾರ್ವೆ ದೇಶದಾಂವ ಒಬ್ಬ ಅದನ್ನ ಬರದು, ಯಾರ ಬೇಕಾದ್ರೂ ಬಳಸ್ರಿ, ಬಿಚ್ಚಿ ನೋಡ್ರಿ, ತಪ್ಪಿದ್ರ ತಿದ್ದಿ ಕಳಸ್ರಿ ಅಂತ ಬಿಟ್ಟಿದ್ದ. ನೋಡಿದ್ರ ಬರೂ ಎರಡ ಸಾವಿರ ಇಸ್ವಿಯ ಫೆಬ್ರುವರಿಗೆ ಇಪ್ಪತ್ತೊಂಬತ್ತನೇ ತಾರೀಖನ ಇಲ್ಲ! ಇದನ್ನ ನಾನ ತಿದ್ದಬೇಕು, ಅದರಾಗ ನನ್ನ ಹೆಸರ ಬರಬೇಕು ಅಂತ ಹಟ ಹತ್ತಿತು.

೧. ಕಾಪಿ

ಕಾಲೇಜಿನ ಲ್ಯಾಬಿನ್ಯಾಗ ಕುಂತು ಆ ಪ್ರೋಗ್ರಾಮ್ ಓದಾಕತ್ತಿದ್ದೆ. ಲ್ಯಾಬಿನ ಸರ್ ಹಿಂದ ಬಂದ ನಿಂತು, ಯಾರ ಬರದದ್ದಿದು ಅಂತ ಕೇಳಿದ್ರು. ಬ್ಯಾರೇದವ್ರದ್ರಿ ಅಂದೆ. ಹಂಗಾರ ಕಾಪಿ ಹೊಡ್ಯಾಕತ್ತಿ ಅಂದ್ರು. ಇಲ್ರಿ, ಬರದಾಂವನ ತಪ್ಪ ಹುಡಕ್ರಿ ಅಂದಾನ ಅಂತ ತಿಳಿಸಿ ಹೇಳಿದೆ. ಸರ್ ಕುರ್ಚಿ ಎಳಕೊಂಡ ಕುಂತ್ರು. ಹತ್ತ ನಿಮಿಷಕ್ಕ ತಪ್ಪ ಅವರಿಗೂ ಕಂಡ್ತು. ಆಮ್ಯಾಲ ಆಚೀಚಿ ನೋಡಿ, ಸಣ್ಣ ದನಿಲೆ ಅಂದ್ರು, "ನನ್ನ ಪಾಠದಾಗ ಇಂಥಾ ತಪ್ಪ ಸಿಕ್ರ ಎಲ್ಲಾರ ಮುಂದ ಹೇಳಬ್ಯಾಡ. ಫ್ಲಾಪಿದಾಗ ಹಾಕಿ ಕೊಡು."

೨. ಅರ್ಜಿ

ನಾಕ ದಿವಸ ತಲಿ ಕೆಡಿಸಿಕೊಂಡು ತಿದ್ದಿದೆ. ಕಳಸಬೇಕಂದ್ರ ಇಂಟರ್ನೆಟ್ ಇದ್ದದ್ದು ನಿಪ್ಪಾಣಿಯೊಳಗ, ಒಂದ ಎಸ್‌ಟಿಡಿ ಬೂತಿನ್ಯಾಗ. ಅದರ ಮಾಲಕ ಮದಲ ಮಂದಿಗೆ ಅರ್ಜಿ ಬರದ ಕೊಡಾಂವ ಇದ್ದ. ನಾ ಬರದ ಎರಡ ಸಾಲಿನ ಪತ್ರ ನೋಡಿ, ಅಸಂ ಚಾಲತ ನಾಹಿ, ಹಿಂಗ ನಡ್ಯಾಂಗಿಲ್ಲ ಅಂತ ನನ್ನ ಎಬ್ಬಿಸಿ ತಾನ ಕುಂತ. ಮ್ಯಾಲ ವಿಷಯ, ಉಲ್ಲೇಖ. ಅದರ ಕೆಳಗ, ತಮ್ಮ ಪಾದಕ್ಕ ಬಿದ್ದು ಬೇಡಿಕೊಳ್ಳುವುದೇನಂದರೆ ಅಂತ ಇಂಗ್ಲಿಷಿನ್ಯಾಗ. ಕಡೀಕ ನನ್ನ ಊರು, ಪೋಸ್ಟು, ತಾಲೂಕಾ ಅಥಣಿ.

ಪತ್ರ ಆ ಪ್ರೋಗ್ರಾಮ್ ತಿದ್ದೋ ದೇಶದೇಶದ ಬಳಗಕ್ಕೆಲ್ಲಾ ಹೋತು. ಮುಂದಿನ ಐತವಾರ ಐದ ಉತ್ತರ ಬಂದಿದ್ದುವು. ನಾಕ ಮಂದಿ ತಾಲೂಕಾ ಅಂದ್ರೇನು ಅಂತ ಕೇಳಿದ್ರು. ಐದನೇದು ನಾರ್ವೆದಾಂವಂದು. ಪಾದಕ್ಕ ಬೀಳೂದ ಬ್ಯಾಡ್ರಿ, ಫೈಲ್ ಹಚ್ಚೂದ ಮರತೀರಿ, ಅದನ್ನ ಕಳಸ್ರಿ ಅಂತ ಬರದಿದ್ದ.

೩. ಕಟ್ಟಿ

ತಿದ್ದಿದ ಫೈಲಿನ ಫ್ಲಾಪಿ ಚಿಕ್ಕೋಡಿ ಖೋಲಿಯಾಗ ಉಳದಿತ್ತು. ಫೈಲ್ ಕಳಸಾಕ ಇನ್ನೊಂದ ಐತವಾರ ಬೇಕು. ಅಷ್ಟರಾಗ ದ್ರಾಕ್ಷಿ ಬಳ್ಳಿ ಕತ್ತರಿಸೋ ಚಾಟ್ನಿ ಸುರು ಆಗಿತ್ತು, ಅಪ್ಪ ಊರಿಗೆ ಬಾ ಅಂತ ಹೇಳಿ ಕಳಿಸಿದ್ದ. ಚಿಕ್ಕೋಡಿಯಿಂದ ನಿಪ್ಪಾಣಿ ಒಂದ ದಿಕ್ಕಿಗೆ, ಅಥಣಿ ಕಡೆ ನಮ್ಮ ತ್ವಾಟ ಇನ್ನೊಂದ ದಿಕ್ಕಿಗೆ. ಊರಿಗೆ ಹೋದೆ, ಹೆದರಿಕೋತ ಅಪ್ಪಗ ಎಲ್ಲಾ ಹೇಳಿದೆ. ಎಷ್ಟ ದಿವಸ ದುಡದಿ ಅಂದ. ನಾಕ ದಿವಸ ಅಂದೆ. ಕೂಲಿ ಅಂದ. ಇಲ್ಲ ಅಂದೆ. ಅಪ್ಪ ಕತ್ತರಿ ನಿಲ್ಲಿಸಿ ನನ್ನ ಮಾರಿ ನೋಡಿದ. ಬೈಗಳ ಬಂತು ಅಂತ ತಲಿ ತಗ್ಗಿಸಿದೆ.

"ಮುಯ್ಯಾಳ ಅನ್ನಲಾ ಮತ್ತ," ಅಂದ.

ಇಂದ ನಾ ನಿನ್ನ ಹೊಲಕ್ಕ, ನಾಳೆ ನೀ ನನ್ನ ಹೊಲಕ್ಕ ಬಂದು ದುಡಿಯೂದ ನಮ್ಮ ಕಡೆ ಮುಯ್ಯಾಳು. ಹಿಡದ ಕೆಲಸ ಅರ್ಧಕ್ಕ ಬಿಡಬಾರ್ದು, ಬರೂ ಐತವಾರ ಹೋಗಿ ಮುಗಸು ಅಂದ. ನನಗ ಸ್ವರ್ಗ ಮೂರೇ ಗೇಣು. ಸಂಜಿಕ್ಕ ನೋಡಿದ್ರ ಅಪ್ಪ ಗುಡಿ ಕಟ್ಟಿ ಮ್ಯಾಲ ಕುಂತು ಎಲ್ಲಾರಿಗೂ ಹೇಳಾಕತ್ತಾನ, ನಾರ್ವೆದಿಂದ ನಾಕ ದಿವಸಕ್ಕ ಒಂದ ಆಳ ಬರತೈತಿ, ಈ ಸಲ ಚಾಟ್ನಿ ಕಾಳಜಿಲ್ಲ ಅಂತ. ಅದೆಲ್ಲಿ ಬಂತು ಊರು ಅಂತ ಒಬ್ಬಾಂವ ಕೇಳಿದ. ಅಪ್ಪ ಒಂದ ಕ್ಷಣ ವಿಚಾರ ಮಾಡಿ, ಮಿರಜ ದಾಟಬೇಕು ಅಂದ.

೪. ಬೆನ್ನು

ಫೈಲ್ ಕಳಿಸಿದೆ, ಒಪ್ಪಿಕೊಂಡ್ರು. ಪ್ರೋಗ್ರಾಮಿನ ಕಡೇ ಪುಟದಾಗ ನನ್ನ ಹೆಸರ ಬಂತು. ಬೂತಿನ ಮಾಲಕ ತಾನ ಅರ್ಜಿ ಬರದದ್ದಕ್ಕ ಆತಂತ ಚಹಾ ತರಿಸಿದ.

ಊರಿಗೆ ಹೋಗಿ ಹೇಳಿದ್ರ ಅಪ್ಪಂದು ಒಂದ ಮಾತು, ಅಂವ ಯಾವಾಗ ಬರ್ತಾನ ಕೇಳು. ಮುಯ್ಯಿ ತೀರಸದಾಂವನ ಸಹವಾಸ ನಮಗ ಬ್ಯಾಡ, ಬರಾಂಗಿಲ್ಲಂದ್ರ ನಿನ್ನ ನಿಪ್ಪಾಣಿ ಬಂದ್ ಅಂದ. ನಾಚಿಕಿ ಬಿಟ್ಟು ಇದ್ದದ್ದ ಇದ್ದಾಂಗ ನಾರ್ವೆಗೆ ಬರದೆ.

ಬಂದ ಉತ್ತರ ಛಾಪಿಸಿಕೊಂಡು, ತ್ವಾಟದಾಗ ಅಪ್ಪನ ಮುಂದ ಕನ್ನಡದಾಗ ಹೇಳಿದೆ. ಕರದದ್ದಕ್ಕ ಭಾಳ ಸಂತೋಷ ಆತು. ದ್ರಾಕ್ಷಿ ಬಳ್ಳಿ ನಾ ಈ ತನಕ ಕಣ್ಣಿಲೆ ಕಂಡಿಲ್ಲ. ಮನಿಯಾಗ ಒಬ್ಬನ ಇರತೀನಿ, ಕುಂತ ಕುಂತ ಬೆನ್ನ ಹಿಡದೈತಿ, ಬಗ್ಗಾಕ ಬರಾಂಗಿಲ್ಲ, ನಿಮ್ಮ ತಂದಿಯವ್ರು ಕ್ಷಮಿಸಬೇಕು ಅಂತ ಇತ್ತು. ಮುಗೀತು ನನ್ನ ಕತಿ ಅಂದ್ಕೊಂಡೆ.

ಅಪ್ಪ ಕತ್ತರಿ ಕೆಳಗಿಟ್ಟ. "ಅಣ್ಣತಮ್ಮರೂ ಇಲ್ಲೇನ ಅಂವಗ?"

ಬರದಿಲ್ಲಪ್ಪ ಅಂದೆ.

"ಪಾಪ, ಒಂಟಿ ಮನಷ್ಯಾ, ಬೆನ್ನ ಬ್ಯಾರೆ ಹೋಗೇತಿ. ನೀ ಪ್ರತಿ ಐತವಾರ ನಿಪ್ಪಾಣಿಗೆ ಹೋಗಿ ಅಂವನ ಕೆಲಸ ಮಾಡು, ಚಾಟ್ನಿ ನಾವು ನೋಡಕೋತೀವಿ." ಮತ್ತ ಕತ್ತರಿ ಕೈಯಾಗ ತಗೊಂಡ. "ನಿನ್ನ ಒಬ್ಬನ ಕೈಲೆ ನೀಗಲಿಲ್ಲಂದ್ರ ಹೇಳ ತಮ್ಮಾ, ನಾನೂ ಎರಡ ದಿವಸ ಬಂದು ಕೈ ಹಚ್ಚತೀನಿ."