ಮೇಷ್ಟ್ರಿಗೆ ದಾರಿ ಬಿಡುವ ಹಾಕಿ ಹುಡುಗರ ಬಗ್ಗೆ

ಚನ್ನರಾಯಪಟ್ಟಣ, ೧೯೩೮ನೇ ಇಸವಿ, ಬುಧವಾರ

ಮಾನ್ಯರೇ,

ನಮ್ಮೂರ ಶಾಲೆಯ ಹಿರಿಯ ಉಪಾಧ್ಯಾಯರೂ ನಮ್ಮ ಹಾಕಿ ತಂಡದ ಬ್ಯಾಕ್ ಆಟಗಾರರೂ ಆದ ಈಶ್ವರಯ್ಯನವರಿಗೆ, ಸಿಪಾಯಿಗಳ ಆಟವನ್ನು ಬೇಲಿಯಾಚೆ ನಿಂತು ನೋಡಿ ಕಲಿತು ಈಗ ಊರಿಗೆಲ್ಲ ಹೇಳಿಕೊಡುವ ಧೈರ್ಯ ಮಾಡಿರುವ ತಮ್ಮ ಷಡ್ಡಕ ಪಂಚಾಕ್ಷರಯ್ಯ ಮಾಡುವ ಶರಣು. ನಾದಿನಿ ಗುರುಸಿದ್ದಮ್ಮನನ್ನೂ ಕೇಳಿದೆನೆಂದು ಹೇಳಿ.

ಭಾನುವಾರ ಹೊಳೆನರಸೀಪುರದವರು ಬರುತ್ತಾರೆ. ಈ ಸಲವೂ ಸೋತರೆ ಮೈದಾನವನ್ನು ತೆಂಗಿನಕಾಯಿ ರಾಶಿ ಹಾಕಲು ಬಿಟ್ಟುಕೊಡಬೇಕೆಂದು ಊರ ಯಜಮಾನರು ತೀರ್ಮಾನಿಸಿರುವುದು ತಮಗೂ ಗೊತ್ತು. ಆ ಊರಿನ ಬ್ಯಾಕುಗಳು ಚೆಂಡು ಸಿಕ್ಕರೆ ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಯೋಚಿಸುವವರಾದ್ದರಿಂದ, ಅವರ ಗೋಲಿನ ಮುಂದೆಯೇ ಅಡ್ಡಗಟ್ಟಿ ಚೆಂಡು ಕಸಿಯುವುದನ್ನು ನಮ್ಮ ಮೂವರು ಫಾರ್ವರ್ಡುಗಳಿಗೆ ಕಲಿಸುತ್ತಿದ್ದೇನೆ. ಬಸವರಾಜು ನೇರವಾಗಿ ನುಗ್ಗಬೇಕು, ನಂಜಪ್ಪ ಅಂಚಿನ ಗೆರೆಯ ಕಡೆ ದಾರಿ ಮುಚ್ಚಬೇಕು, ಕೆಂಪಣ್ಣ ಇನ್ನೊಬ್ಬ ಬ್ಯಾಕಿಗೆ ಹೋಗುವ ಚೆಂಡಿಗೆ ಕಾದಿರಬೇಕು. ಅಭ್ಯಾಸದಲ್ಲಿ ಇವರ ಎದುರು ನಿಲ್ಲುವ ಭಾಗ್ಯ ಮಾತ್ರ ತಮ್ಮದು.

ಆದರೆ ತಾವು ಚೆಂಡು ತಳ್ಳಿಕೊಂಡು ಹೊರಟೊಡನೆ ಬಸವರಾಜು ಕೋಲನ್ನು ಕಂಕುಳಲ್ಲಿಟ್ಟು ಪಕ್ಕಕ್ಕೆ ಸರಿಯುತ್ತಾನೆ, ನಂಜಪ್ಪ ತಲೆಗೆ ಸುತ್ತಿದ ವಸ್ತ್ರ ಬಿಚ್ಚುತ್ತಾನೆ, ಕೆಂಪಣ್ಣ ಕೈಮುಗಿಯುತ್ತಾನೆ. ತಾವೂ "ನಿಮ್ಮಪ್ಪನ ಮಂಡಿನೋವು ಹೆಂಗೈತ್ಲಾ" ಎಂದು ಒಬ್ಬೊಬ್ಬರನ್ನೂ ವಿಚಾರಿಸುತ್ತ, ಸಂತೆಗೆ ಹೋದಂತೆ ಹೋಗಿ ಗೋಲು ಹೊಡೆದು ಬರುತ್ತೀರಿ. ಗದರಿದರೆ ಬಸವರಾಜು, "ಮೇಷ್ಟ್ರಿಗೆ ಅಡ್ಡ ನಿಂತ್ರೆ ನಮ್ಮವ್ವ ಉಣ್ಣಾಕೆ ಇಟ್ಟು ಇಕ್ಕಾಕಿಲ್ಲ ಕಣ್ ದೊಡ್ಡಪ್ಪ" ಎನ್ನುತ್ತಾನೆ. ನಾಲ್ಕು ತಾಲ್ಲೂಕಿನಲ್ಲಿ ಇಷ್ಟು ಮರ್ಯಾದೆಯಿಂದ ಗೋಲು ಹೊಡೆದವರು ಇನ್ನೊಬ್ಬರಿಲ್ಲ. ಇದೇ ರೂಢಿಯಾಗಿ ಹೋಗಿ, ಕಳೆದ ಪಂದ್ಯದಲ್ಲಿ ನಂಜಪ್ಪ ಹೊಳೆನರಸೀಪುರದ ಬ್ಯಾಕಿಗೂ "ಬನ್ನಿ ಸಾ" ಎಂದು ದಾರಿ ಬಿಟ್ಟನಲ್ಲ, ಆ ಕೀರ್ತಿಯೂ ತಮ್ಮದೇ.

ಆದ್ದರಿಂದ ಸಂಜೆ ಐದರಿಂದ ಆರರವರೆಗೆ ತಾವು ಯಾರಿಗೂ ಗುರುಗಳಲ್ಲವೆಂದು ದಯಮಾಡಿ ಬರೆದುಕೊಡಬೇಕು. ಇವರಿಗೆ ಕಲಿಸಿದ ಮಗ್ಗಿಯನ್ನು ಭಾನುವಾರದ ಮಟ್ಟಿಗಾದರೂ ವಾಪಸು ತೆಗೆದುಕೊಳ್ಳಬೇಕು. ಅದೂ ಆಗದಿದ್ದರೆ ಶುಕ್ರವಾರದೊಳಗೆ ನಾಲ್ಕು ಜನರ ಎದುರು ಸಣ್ಣದೊಂದು ಅಪಕೀರ್ತಿಯನ್ನಾದರೂ ಸಂಪಾದಿಸಿಕೊಳ್ಳಬೇಕು. ಸಹಾಯ ಬೇಕಾದರೆ ನಾನಿದ್ದೇನೆ.

ತಮ್ಮ ಮೇಲಿನ ಗೌರವದಿಂದಲೇ ಸೋಲುತ್ತಿರುವ,
ತಮ್ಮ ವಿಶ್ವಾಸಿ,
ಪಂಚಾಕ್ಷರಯ್ಯ

ಮರೆತ ಮಾತು: ತಮ್ಮ ಮುಖ ಕಂಡರೆ ಕಲ್ಲಾಗುವ ಈ ಮೂವರೂ, ತಮ್ಮ ಬೆನ್ನ ಹಿಂದೆ ತಮ್ಮ ನಡಿಗೆಯನ್ನು ಅಣಕಿಸುವುದರಲ್ಲಿ ಬಲು ಚುರುಕು. ಪತ್ರವನ್ನು ಮನೆಗೆ ಕಳಿಸದೆ, ಸಣ್ಣ ಅಕ್ಷರದಲ್ಲಿ ಬರೆದು, ತಮ್ಮ ಗೋಲುಕಂಬಕ್ಕೆ ಅಂಟಿಸಿರುವುದು, ತಾವು ಅವರಿಗೆ ಬೆನ್ನು ಮಾಡಿ ನಿಂತು ಓದಲೆಂದೇ. ಓದಿ ಮುಗಿಸಿ ನಿಧಾನವಾಗಿ ತಿರುಗಿ ನೋಡಿ. ಚೆಂಡು ತಮ್ಮ ಹತ್ತಿರ ಇರುವುದಿಲ್ಲ.