ಇಲಿಗೆ ಕೊನೆಯ ಪರೀಕ್ಷೆ

ಗಂಡನ ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಗ್ಗೆ ಹಾಲು ಉಕ್ಕಿತು. ಅವಳು ಒಲೆ ಒರೆಸುತ್ತಿದ್ದಾಗ ಫೋನು ಬಂತು. ಗಂಡನ ಪ್ರಯೋಗಶಾಲೆಯ ಪ್ರೊಫೆಸರ್.

"ಈ ಹೊತ್ತಲ್ಲಿ ಕೇಳಬಾರದಮ್ಮ. ಪ್ರಾಣಿಗಳ ಕೋಣೆ ರಿಪೇರಿಗೆ ಬಂದಾಗ ನಿಮ್ಮ ಯಜಮಾನ್ರು ಒಂದು ಇಲಿಯನ್ನ ಕೇಳಿ ಮನೆಗೆ ತಗೊಂಡು ಹೋಗಿದ್ರು. ಇವತ್ತು ಅದಕ್ಕೆ ಕೊನೆಯ ನೆನಪಿನ ಪರೀಕ್ಷೆ. ಅದು ತಪ್ಪಿದ್ರೆ ಅವರ ಕೆಲಸ ಪೂರ್ತಿ ಮೊದಲಿಂದ ಮಾಡಬೇಕು."

"ತರ್ತೀನಿ" ಎಂದಳು.

ಇಲಿ ಮೇಲಿನ ಮನೆಯ ಅಂಕಲ್ ಹತ್ತಿರ ಇತ್ತು. ಸಾವಿನ ಗಡಿಬಿಡಿಯಲ್ಲಿ ಅದಕ್ಕೆ ಊಟ ಹಾಕಿದವರು ಅವರೇ. ಅವರಿಗೂ ಸಕ್ಕರೆ ಕಾಯಿಲೆ, ಅದಕ್ಕೂ ಸಕ್ಕರೆ ಕಾಯಿಲೆ. ಒಂದೇ ವಾರ್ಡಿನ ರೋಗಿಗಳ ಹಾಗೆ ಸ್ನೇಹ ಬೆಳೆದಿತ್ತು. ವಿಷಯ ತಿಳಿದು ಅವರೇ ಪೆಟ್ಟಿಗೆಯನ್ನು ಕೆಳಗೆ ಅವಳ ಮನೆಗೆ ತಂದಿಟ್ಟರು. ಆ ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ದಪ್ಪ ಇಲಿ, ಊಟ ಮುಗಿಸಿ ಬಂದ ಗುಮಾಸ್ತನಂತೆ ತೂಕಡಿಸುತ್ತಿತ್ತು.

"ಪರೀಕ್ಷೇನಾ? ಈ ಅವತಾರದಲ್ಲಾ?" ಅಂಕಲ್ ಹೌಹಾರಿದರು. "ನಿನ್ನ ಗಂಡನ ಮರ್ಯಾದೆ ಪ್ರಶ್ನೆ ಕಣಮ್ಮ. ಸ್ವಲ್ಪ ತಯಾರಿ ಮಾಡ್ಸೋಣ."

ಅವಳಿಗೆ ಗಂಡನ ಮಾತು ನೆನಪಾಯಿತು. "ಕೊಬ್ಬು ಅಂದ್ರೆ ಸುಮ್ನೆ ಬಿದ್ದಿರೋ ಮೂಟೆ ಅಲ್ಲ ಕಣೇ. ಅದೂ ಹಾರ್ಮೋನು ಕಳಿಸಿ ಮೆದುಳಿನ ಜೊತೆ ಮಾತಾಡುತ್ತೆ. ಸಕ್ಕರೆ ಕಾಯಿಲೇಲಿ ಆ ಮಾತು ಕೆಡುತ್ತೆ, ಮರೆವು ಬರುತ್ತೆ. ಓಡಾಡಿದ್ರೆ ಮತ್ತೆ ಸರಿಹೋಗಬಹುದು, ನೋಡ್ತಾ ಇರು" ಎನ್ನುತ್ತ ಕೈಯಲ್ಲಿದ್ದ ತುತ್ತನ್ನೂ ಮರೆಯುತ್ತಿದ್ದ. ಅಂಥವನ ಇಲಿ ದಡ್ಡ ಅನ್ನಿಸಿಕೊಳ್ಳಬಾರದು. ಅವಳು ಪೆಟ್ಟಿಗೆಯ ಕೊಂಡಿ ತೆಗೆದಳು.

ಇಲಿ ಹೊರಗೆ ಇಣುಕಿತು. ಅಂಕಲ್ ಚಪ್ಪಾಳೆ ತಟ್ಟಿದರು. ಅಷ್ಟೇ, ಬಿಲ್ಲಿನಿಂದ ಬಿಟ್ಟ ಬಾಣ! ಬೀರುವಿಗೆ ಡಿಕ್ಕಿ ಹೊಡೆದು, ಕುರ್ಚಿ ಸುತ್ತಿ, ಮಂಚದಡಿ ನುಗ್ಗಿತು. ಸದ್ದಿಗೆ ಕೆಳಗಿನ ಮನೆಯ ಟೈಲರಮ್ಮ ಅಳತೆಯ ಟೇಪು ಕೊರಳಲ್ಲಿಟ್ಟುಕೊಂಡೇ ಓಡಿಬಂದಳು.

"ಏನಕ್ಕಾ ಇದು?"

"ಕೋಚಿಂಗ್ ಕ್ಲಾಸು!" ಮಂಚದ ಕೆಳಗಿನಿಂದ ಅಂಕಲ್ ಕೂಗಿದರು.

"ಹಂಗಾದ್ರೆ ನೀವ್ಯಾಕೆ ಅಂಕಲ್ ಬೆಂಚಿನ ಕೆಳಗೆ ಕೂತಿದೀರಾ?"

ಮೂವರೂ ಸೇರಿ ಮನೆಯುದ್ದಕ್ಕೂ ಅಟ್ಟಿದರು. ಮೊದಲ ಸುತ್ತಿನಲ್ಲಿ ಬೀರುವಿಗೆ ಗುದ್ದಿದ ಇಲಿ ಆಮೇಲಿನ ಸುತ್ತಿನಲ್ಲಿ ಅದನ್ನು ನಾಜೂಕಾಗಿ ಬಳಸಿ ಹೋಯಿತು. ಅಡುಗೆಮನೆಯ ಬಾಗಿಲು ಮುಚ್ಚಿದೆ ಎಂಬುದನ್ನೂ ನೆನಪಿಟ್ಟುಕೊಂಡಿತು. ಅಂಕಲ್ ಮಾತ್ರ ಪ್ರತಿ ಸುತ್ತಿನಲ್ಲೂ ಅದೇ ಸ್ಟೂಲಿಗೆ ಎಡವಿದರು.

"ಆಹಾ, ಏನು ತಲೆ!" ಏದುಸಿರು ಬಿಡುತ್ತ ಅವರು ಸ್ಟೂಲಿನ ಮೇಲೆ ಕೂತರು. "ವಾಕಿಂಗ್ ಹೋಗಿ ವಾಕಿಂಗ್ ಹೋಗಿ ಅಂತ ನಿನ್ನ ಗಂಡ ನನ್ನ ಜೀವ ತಿಂತಿದ್ದ. ಪುಣ್ಯಾತ್ಮ, ಸರಿಯಾಗೇ ಹೇಳ್ತಿದ್ದ ಕಣಮ್ಮ."

ಹಿಡಿಯುವುದು ಯಾರಿಂದಲೂ ಆಗಲಿಲ್ಲ. ಕೊನೆಗೆ ಇಲಿ ತಾನಾಗಿಯೇ ಕುರ್ಚಿ ಹತ್ತಿ, ಅವಳು ಇನ್ನೂ ಒಗೆಯಲು ಹಾಕಿರದ ಗಂಡನ ಅಂಗಿಯನ್ನು ಮೂಸಿ, ತೋಳಿನೊಳಗೆ ಸೇರಿ ಮುದುಡಿಕೊಂಡಿತು. ಅವಳು ಅಂಗಿಯ ಸಮೇತ ಅದನ್ನು ಎತ್ತಿಕೊಂಡಳು. ಟೈಲರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ಪ್ರಯೋಗಶಾಲೆಯಲ್ಲಿ ಅವಳೇ ಮೊದಲು ಬಾಯಿ ಬಿಟ್ಟಳು. ಬಹಳ ದಿನಗಳ ಮೇಲೆ ದನಿಗೆ ಒಂದು ಹುರುಪು ಬಂದಿತ್ತು. "ತುಂಬಾ ಚುರುಕಾಗಿದೆ ಸರ್. ಬೆಳಗ್ಗೆಯಿಂದ ಚೆನ್ನಾಗಿ ಓಡಿಸಿದ್ದೀವಿ."

ಪ್ರೊಫೆಸರ್ ಇಲಿಯ ಕಿವಿಯಲ್ಲಿದ್ದ ಬಿಲ್ಲೆ ನೋಡಿದರು. ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು.

"ಓಡಿಸಿದ್ರಾ? ಇದು ಓಡೋ ಗುಂಪಿನ ಇಲಿ ಅಲ್ಲಮ್ಮ. ಓಡದ ಗುಂಪಿನದು. ಓಡಿದ ಇಲಿಗಳ ಜೊತೆ ಹೋಲಿಸಿ ನೋಡೋಕೆ ಅಂತಾನೇ ಇದನ್ನ ತಿಂಗಳುಗಟ್ಟಲೆ ಅಲ್ಲಾಡದ ಹಾಗೆ ಸಾಕಿದ್ವಿ. ಇಲ್ಲಿನ ತಾತ್ಕಾಲಿಕ ಗೂಡು ದೊಡ್ಡದು, ಎಲ್ಲಿ ಓಡಾಡಿಬಿಡುತ್ತೋ ಅಂತಾನೇ ಅವರು ಮನೆಗೆ ಒಯ್ದಿದ್ದು."

ಅವಳು ಪೆಟ್ಟಿಗೆಯ ಕೊಂಡಿಯನ್ನು ಮತ್ತೊಮ್ಮೆ ಭದ್ರಪಡಿಸಿದಳು.

"ಹಾಗಾದ್ರೆ... ಮೊದಲಿಂದಾನಾ?"

"ಮೊದಲಿಂದ." ಅವರು ನಿಟ್ಟುಸಿರಿಟ್ಟರು. "ಅಲ್ಲಮ್ಮ, ಎಷ್ಟು ಹೊತ್ತು ಓಡಿಸಿದ್ರಿ?"

"ಅದಕ್ಕೆ ಬುದ್ಧಿ ಬರೋವರೆಗೂ ಸರ್" ಎಂದು ಅವಳು ಪೆಟ್ಟಿಗೆಯನ್ನು ಅವರ ಕೈಗೆ ಕೊಟ್ಟಳು.