ಮಗಳ ಗೋಪ್ಯ ವರದಿ

ಸರ್ಕಾರಿ ನೌಕರನಿಗೆ ಬರೆಯಲು ಬರುತ್ತದೆ ಎಂದು ನಂಬಿರುವವರು ಇನ್ನೂ ಇದ್ದಾರೆ. ಮದುವೆಯ ಕರೆಯೋಲೆ, ನಲ್ಲಿ ನೀರಿನ ದೂರು, ಮನೆ ಮಾಲೀಕನ ಜೊತೆಗಿನ ತಕರಾರು, ಏನೇ ಇರಲಿ, 'ನೀವು ಆಫೀಸಿನವರು, ಎರಡು ಸಾಲು ಬರದ ಕೊಡ್ರಿ' ಎಂದು ಕಾಗದ ಮುಂದೆ ಚಾಚುತ್ತಾರೆ. ನಾನೂ ಇಪ್ಪತ್ತಾರು ವರ್ಷ ಹಾಗೆಯೇ ನಂಬಿದ್ದೆ. ನಿಜ ಹೇಳಬೇಕೆಂದರೆ ನಮಗೆ ಬರೆಯಲು ಬರುವುದಿಲ್ಲ, ಭರ್ತಿ ಮಾಡಲು ಬರುತ್ತದೆ. ಖಾಲಿ ಜಾಗ ಕಂಡರೆ ಸಾಕು, ಕೈ ತಾನಾಗಿ ಓಡುತ್ತದೆ. ಓಡಿದ ಕೈ ಎಲ್ಲಿಗೆ ಹೋಗಿ ನಿಂತಿತು ಎಂಬುದನ್ನು ನಾವು ನೋಡುವುದು ಲಕೋಟೆ ಅಂಟಿಸಿ ಕಳಿಸಿದ ಮೇಲೆ. ಹೀಗೆ ಓಡಿದ ಕೈಯಿಂದ ನಾನು ಒಮ್ಮೆ ಹೆತ್ತ ಮಗಳ ಓದಿಗೇ ಕಲ್ಲು ಹಾಕಿಬಿಟ್ಟಿದ್ದೆ. ಆ ಒಂದೂವರೆ ತಿಂಗಳು ನಾನು ಪಟ್ಟ ಪಾಡನ್ನು ಇಲ್ಲಿಯವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ, ನನ್ನ ಹೆಂಡತಿಗೂ ಕೂಡ.

ಹೈದರಾಬಾದಿನಲ್ಲಿ ಕಂಪ್ಯೂಟರಿನ ಸುಗ್ಗಿ ನಡೆದಿದ್ದ ಕಾಲ ಅದು. ನಾವಿರುವ ನಾರಾಯಣಗೂಡದಲ್ಲಿ ಮೊದಲು ಟೈಪ್‌ರೈಟಿಂಗ್ ಕಲಿಸುತ್ತಿದ್ದ ಮಹಡಿಗಳೆಲ್ಲ ಈಗ ಜಾವಾ ಕಲಿಸುತ್ತಿದ್ದವು. ಕೆಳಗಿನ ಮನೆಯ ಪ್ರಭಾಕರ ಗಾರು ಹಾಲು ಹಾಕುವವನನ್ನೂ ನಿಲ್ಲಿಸಿಕೊಂಡು ಮಗನ ಕೋರ್ಸಿನ ವಿಷಯ ಹೇಳುತ್ತಿದ್ದರು. ಹೀಗಿರುವಾಗ ಗಣಿತದಲ್ಲಿ ಬಿ.ಎಸ್ಸಿ. ಮುಗಿಸುತ್ತಿದ್ದ ನಮ್ಮ ಒಬ್ಬಳೇ ಮಗಳು ಉಮಾಳಿಗೆ, ಕಾಲೇಜಿಗೇ ಬಂದ ಸಾಫ್ಟ್‌ವೇರ್ ಕಂಪನಿಯೊಂದು ಕೆಲಸದ ಪತ್ರ ಕೊಟ್ಟಿತು. ಊರಿನೊಳಗೇ ಕೆಲಸ, ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವುದು. ನಾನು ಆ ಪತ್ರದ ಮೂರು ಝೆರಾಕ್ಸ್ ಮಾಡಿಸಿ ಒಂದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಕೇಳಿದವರಿಗೆ ತೋರಿಸಿದೆ, ಕೇಳದವರಿಗೆ ಇನ್ನೂ ಮೊದಲು ತೋರಿಸಿದೆ.

ಆ ಸಂತೋಷ ಹದಿನೈದು ದಿನವೂ ಬಾಳಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಉಮಾ ನನ್ನ ಊಟದ ತಟ್ಟೆಯ ಪಕ್ಕ ಒಂದು ಪುಸ್ತಕ ತಂದಿಟ್ಟಳು. ದಕ್ಷಿಣದ ಕಡೆ, ರೈಲಿನಲ್ಲಿ ಒಂದು ರಾತ್ರಿಯ ಹಾದಿಯಷ್ಟು ದೂರದಲ್ಲಿ ಜೆಸ್ಯೂಟ್ ಪಾದ್ರಿಗಳು ನಡೆಸುವ ವಿಶ್ವವಿದ್ಯಾಲಯವೊಂದರ ಪ್ರಾಸ್ಪೆಕ್ಟಸ್ ಅದು. ಪದವಿ ಮುಗಿಸಿದವರು ಕಲೆಯಲ್ಲಿ ಏನೇನು ಓದಬಹುದು, ವಿಜ್ಞಾನದಲ್ಲಿ ಏನೇನು ಓದಬಹುದು ಎಂದು ಪುಟಗಟ್ಟಲೆ ಕೊಟ್ಟಿದ್ದರು. ತಾನು ಕೆಲಸಕ್ಕೆ ಸೇರುವುದಿಲ್ಲ, ಅಲ್ಲಿ ಫಿಲಾಸಫಿ ಎಂ.ಎ. ಮಾಡುತ್ತೇನೆ ಎಂದಳು. ನನ್ನ ಕೈಯಲ್ಲಿದ್ದ ರೊಟ್ಟಿ ಬಾಯಿಯವರೆಗೆ ಬಂದು ಅಲ್ಲೇ ನಿಂತಿತು. ನನ್ನ ಹೆಂಡತಿ ಗಿರಿಜಾ, ಅಲ್ಲಿಯ ಹಾಸ್ಟೆಲಿನಲ್ಲಿ ರೊಟ್ಟಿ ಕೊಡುತ್ತಾರೋ ಬರೇ ಅನ್ನವೋ ಎಂದು ಕೇಳಿದಳು. ಮನೆಗೆ ಯಾವ ಆಪತ್ತು ಬಂದರೂ ಅವಳು ಅದನ್ನು ಅಡುಗೆಮನೆಯ ಕಡೆಯಿಂದಲೇ ವಿಚಾರಿಸಿಕೊಳ್ಳುತ್ತಾಳೆ.

ಮರುದಿನದಿಂದ ನಾನು ಆ ಪುಸ್ತಕವನ್ನು ಕಚೇರಿಗೆ ಒಯ್ದು ಫೈಲುಗಳ ನಡುವೆ ಇಟ್ಟುಕೊಂಡು ಓದಿದೆ. ಸಂಜೆ ಬಂದು ಚೌಕಾಸಿಗೆ ಕೂತೆ. ಎಂ.ಎ.ಯೇ ಬೇಕಿದ್ದರೆ ಅರ್ಥಶಾಸ್ತ್ರ ಓದು, ಬ್ಯಾಂಕಿನ ಪರೀಕ್ಷೆಗಾದರೂ ಆದೀತು ಎಂದೆ. ಬೇಡವೆಂದಳು. ಎಂ.ಎಸ್ಸಿ. ಸಂಖ್ಯಾಶಾಸ್ತ್ರ ಎಂದೆ. ಅದೂ ಬೇಡ. ಇತಿಹಾಸ ಎಂದೆ, ಸಮಾಜಕಾರ್ಯ ಎಂದೆ. ಮನಃಶಾಸ್ತ್ರ ಓದಿದರೆ ನಮ್ಮ ಕಚೇರಿಯಲ್ಲೇ ಬೇಕಾದಷ್ಟು ಕೆಲಸ ಉಂಟೆಂದು ಆಸೆ ತೋರಿಸಿದೆ. ಕೊನೆಗೆ, ಮನೆಯ ಕುಂಡದ ತುಳಸಿಗೂ ನೀರು ಹಾಕದ ಹುಡುಗಿಗೆ ಸಸ್ಯಶಾಸ್ತ್ರವನ್ನೂ ಸೂಚಿಸಿದೆ. ಪ್ರತಿಯೊಂದಕ್ಕೂ ಅವಳದು ಒಂದೇ ಪ್ರಶ್ನೆ: ಯಾಕೆ? ಈ ರೋಗ ಅವಳಿಗೆ ಹುಟ್ಟಿನಿಂದ ಇದೆ. ಎಂಟು ವರ್ಷದವಳಿದ್ದಾಗ, ದೊಡ್ಡವರಿಗೆ ಎದುರು ಮಾತಾಡಬಾರದು ಎಂದು ನಾನು ಗದರಿದರೆ, ದೊಡ್ಡವರು ತಪ್ಪು ಹೇಳಿದಾಗ ಮತ್ತೆ ಯಾರು ಹೇಳಬೇಕು ಎಂದು ಕೇಳಿದ್ದಳು. ನನ್ನ ತಾಯಿ ನಕ್ಕುಬಿಟ್ಟದ್ದರಿಂದ ನಾನು ಉತ್ತರ ಕೊಡುವುದು ತಪ್ಪಿತ್ತು. ಈಗ ನಗಲು ತಾಯಿ ಇರಲಿಲ್ಲ. ಅರ್ಜಿಯಲ್ಲಿ ಮೂರು ವಿಷಯ ಆರಿಸಲು ಅವಕಾಶವಿದ್ದರೂ ಉಮಾ ಮೊದಲನೆಯ ಸಾಲಿನಲ್ಲಿ ಫಿಲಾಸಫಿ ಎಂದು ಬರೆದು, ಉಳಿದ ಎರಡಕ್ಕೂ ಉದ್ದಕ್ಕೆ ಗೆರೆ ಎಳೆದಳು. ಸಿಕ್ಕರೆ ಅದು, ಇಲ್ಲದಿದ್ದರೆ ಏನೂ ಇಲ್ಲ.

ಅರ್ಜಿಯ ಕೊನೆಗೆ ತಂದೆ ಅಥವಾ ತಾಯಿ ತುಂಬಬೇಕಾದ ಒಂದು ಹಾಳೆ ಇತ್ತು. ನಿಮ್ಮ ಮಗುವಿನ ಸ್ವಭಾವವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ, ಅಭ್ಯರ್ಥಿಗೆ ತೋರಿಸದೆ ಬೇರೆ ಲಕೋಟೆಯಲ್ಲಿ ಮುಚ್ಚಿ, ಅಂಟಿನ ಮೇಲೆ ಸಹಿ ಹಾಕಿ ಎಂದು ಸೂಚನೆ. ಈಗ ಕಾಲದೋಷ ಎನ್ನುವುದನ್ನು ನೋಡಿ. ವರ್ಷಕ್ಕೊಮ್ಮೆ, ಮಾರ್ಚ್ ಮುಗಿದ ಮೇಲೆ, ನಮ್ಮ ಕಚೇರಿಯಲ್ಲಿ ಕೈಕೆಳಗಿನವರ ಗೋಪ್ಯ ವರದಿ ಬರೆಯುತ್ತೇವೆ. ಯಾರು ಹೊತ್ತಿಗೆ ಸರಿಯಾಗಿ ಬಂದರು, ಯಾರು ಹೇಳಿದ ಮಾತು ಕೇಳಿದರು, ಯಾರಿಗೆ ಬಡ್ತಿ ಕೊಡಬಹುದು, ಎಲ್ಲ ಅದರಲ್ಲಿ ಬರುತ್ತದೆ. ಅಂದು ಬೆಳಿಗ್ಗೆ ನಾನು ಎಂಟು ಗುಮಾಸ್ತರ ವರದಿ ಮುಗಿಸಿದ್ದೆ. ಅದೇ ಮೇಜು, ಅದೇ ಪೆನ್ನು. ಒಂಬತ್ತನೆಯದಾಗಿ ಮಗಳ ಹಾಳೆಯನ್ನು ಎಳೆದುಕೊಂಡೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಲಕೋಟೆ ಅಂಟಿಸಿ, ಸಹಿ ಹಾಕಿ, ಅಬಿಡ್ಸಿನ ದೊಡ್ಡ ಪೋಸ್ಟಾಫೀಸಿಗೆ ಹೋಗಿ ರಿಜಿಸ್ಟರ್ ಮಾಡಿದೆ. ವಾಪಸು ಬರುವಾಗ ಬಸ್ಸಿನಲ್ಲಿ ಕೂರಲು ಜಾಗವೂ ಸಿಕ್ಕಿತು. ಏನು ಬರೆದರೂ ಒಂದು ಕಾರ್ಬನ್ ಪ್ರತಿ ಇಟ್ಟುಕೊಳ್ಳುವ ಚಟ ನನ್ನದು. ಅದನ್ನು ತೆಗೆದು ನಿರುಮ್ಮಳವಾಗಿ ಓದತೊಡಗಿದೆ.

ಸಮಯಪಾಲನೆ: ಊಟಕ್ಕೆ ಮೂರು ಸಲ ಕರೆಯಬೇಕಾಗುತ್ತದೆ. ವಿಧೇಯತೆ: ತನಗೆ ಒಪ್ಪಿಗೆಯಾದ ವಿಷಯಗಳಲ್ಲಿ ಮಾತ್ರ. ಮೇಲಿನವರೊಡನೆ ವರ್ತನೆ: ಕಾರಣ ಕೇಳದೆ ಯಾವ ಆದೇಶವನ್ನೂ ಪಾಲಿಸುವುದಿಲ್ಲ, ಕಾರಣ ಹೇಳಿದರೆ ಅದಕ್ಕೂ ಕಾರಣ ಕೇಳುತ್ತಾಳೆ. ಪ್ರಾಮಾಣಿಕತೆ: ಪ್ರತಿಕೂಲವಾದದ್ದೇನೂ ಗಮನಕ್ಕೆ ಬಂದಿಲ್ಲ. ಹೆಚ್ಚಿನ ಹೊಣೆಗೆ ಅರ್ಹತೆ: ಸದ್ಯಕ್ಕಿಲ್ಲ, ಒಂದು ವರ್ಷ ತಡೆಯುವುದು ಒಳ್ಳೆಯದು.

ಹಿಮಾಯತನಗರದ ತಿರುವಿನಲ್ಲಿ ನನಗೆ ಬೆವರು ಬಿಟ್ಟಿತು. ಮಗಳು ನಂಬಿಕೊಂಡು ಕೈಗೆ ಕೊಟ್ಟ ಅರ್ಜಿಯ ಜೊತೆಗೇ ಅವಳನ್ನು ತೆಗೆದುಕೊಳ್ಳಬೇಡಿ ಎಂದು ಸಹಿ ಹಾಕಿ ಕಳಿಸಿದ್ದೆ. ಮರುದಿನ ಪೋಸ್ಟಾಫೀಸಿನ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ. ರಿಜಿಸ್ಟರ್ ಮಾಡಿದ್ದನ್ನು ಹಿಂದಕ್ಕೆ ಪಡೆಯಲು ಅರ್ಜಿ ಕೊಡಬೇಕು, ಕಾರಣ ಬರೆಯಬೇಕು, ಸಾಹೇಬರು ಹನ್ನೊಂದಕ್ಕೆ ಬರುತ್ತಾರೆ ಎಂದು ಕಿಟಕಿಯ ಹಿಂದಿನ ಮನುಷ್ಯ ತಲೆ ಎತ್ತದೆ ಹೇಳಿದ. ಅವನ ದನಿ ನನಗೆ ಚೆನ್ನಾಗಿ ಪರಿಚಯದ್ದು, ನಾನೇ ದಿನವೂ ಆ ದನಿಯಲ್ಲಿ ಮಾತಾಡುತ್ತೇನೆ. ಹನ್ನೊಂದೂವರೆಗೆ ಬಂದ ಸಾಹೇಬರು, ಆ ಚೀಲ ನಿನ್ನೆ ಸಂಜೆಯೇ ರೈಲು ಹತ್ತಿತು ಎಂದರು.

ಇನ್ನೊಂದು ಪತ್ರ ಬರೆದು ಸರಿಪಡಿಸಬಹುದಿತ್ತು. ಕೂತೆ ಕೂಡ, ಒಂದಲ್ಲ, ಮೂರು ಸಲ. ಒಮ್ಮೆ ಪೆನ್ನು ಸರಿ ಬರಲಿಲ್ಲ, ಒಮ್ಮೆ ಯಾರೋ ಬಂದರು, ಒಮ್ಮೆ ಪೂರ್ತಿ ಬರೆದು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದೆ. ಇತ್ತ ಉಮಾ ದಿನವೂ ಮಧ್ಯಾಹ್ನ ಪೋಸ್ಟ್‌ಮನ್ನಿಗಾಗಿ ಗೇಟಿನ ಹತ್ತಿರ ನಿಲ್ಲುತ್ತಿದ್ದಳು. ಕಂಪನಿಗೆ ಸೇರುವ ಕೊನೆಯ ದಿನ ಹತ್ತಿರ ಬಂತು. ಎರಡನ್ನೂ ಕೈಯಲ್ಲಿಟ್ಟುಕೊಂಡು ಕಾಯಿ ಎಂದು ನಾನು ಎಷ್ಟು ಹೇಳಿದರೂ, ಹೋಗದ ಕೆಲಸಕ್ಕೆ ಹೋಗುತ್ತೇನೆಂದು ಸುಳ್ಳು ಹೇಳಲಾರೆ ಎಂದು ಅವಳು ಬರುವುದಿಲ್ಲವೆಂಬ ಪತ್ರ ಬರೆದಳು. ಬರೆದು, 'ಅಪ್ಪಾ, ಆಫೀಸಿಗೆ ಹೋಗೂ ಮುಂದ ಇದನ್ನೊಂದು ಪೋಸ್ಟಿಗೆ ಹಾಕ್ರಿ' ಎಂದು ನನ್ನ ಕೈಗೇ ಕೊಟ್ಟಳು. ಆ ಬೆಳಿಗ್ಗೆ ನಾನು ಕೆಂಪು ಡಬ್ಬಿಯ ಮುಂದೆ ಎಷ್ಟು ಹೊತ್ತು ನಿಂತಿದ್ದೆನೆಂದರೆ, ಹಿಂದೆ ನಿಂತ ಮುದುಕರೊಬ್ಬರು ಡಬ್ಬಿಯ ಬಾಯಿ ಸಿಕ್ಕಿಕೊಂಡಿದೆಯೇ ಎಂದು ವಿಚಾರಿಸಿದರು. ಕಾಗದ ಒಳಗೆ ಬಿತ್ತು. ಇನ್ನು ಅವಳಿಗೆ ಆ ಕೆಲಸವೂ ಇಲ್ಲ. ಸೀಟೂ ಇಲ್ಲವೆಂದು ಗೊತ್ತಿದ್ದವನು ನಾನೊಬ್ಬನೇ. ಅನ್ನ ಸೇರಲಿಲ್ಲ. ಗಿರಿಜಾ ಪಿತ್ತವೆಂದುಕೊಂಡು ದಿನವೂ ಜೀರಿಗೆ ಕಷಾಯ ಕುಡಿಸಿದಳು. ನನ್ನ ಪಾಪಕ್ಕೆ ಅದು ಸಣ್ಣ ಶಿಕ್ಷೆ ಎಂದು ಸುಮ್ಮನೆ ಕುಡಿದೆ.

ಕೊನೆಗೆ ಸಂದರ್ಶನದ ಕರೆ ಬಂತು, ತಂದೆ ಅಥವಾ ತಾಯಿಯ ಜೊತೆ ಬರತಕ್ಕದ್ದು ಎಂಬ ಷರತ್ತಿನೊಂದಿಗೆ. ಗಿರಿಜಾಳನ್ನು ಮುಂದೆ ಮಾಡಲು ನೋಡಿದೆ. ಇಂಗ್ಲಿಷಿನಲ್ಲಿ ಮಾತಾಡುವ ಪಾದ್ರಿಗಳ ಮುಂದೆ ನನ್ನನ್ನು ಕೂರಿಸಬೇಡಿ ಎಂದು ಅವಳು ಜಾರಿಕೊಂಡಳು. ಕಾಚಿಗೂಡದಲ್ಲಿ ರೈಲು ಹತ್ತಿದಾಗಿನಿಂದ ಉಮಾ ಒಂದೇ ಸಮನೆ ಓದುತ್ತಿದ್ದಳು. ಮೂರು ಸಲ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಮೂರು ಸಲವೂ ಚಹಾ ಬೇಕೇನು ಎಂದು ಕೇಳಿದೆ. ಪಾಪ, ಅವಳು ಮೂರು ಸಲವೂ ಕುಡಿದಳು.

ಅವಳನ್ನು ಒಳಗೆ ಕರೆದು ಇಪ್ಪತ್ತು ನಿಮಿಷದ ಮೇಲೆ ನನ್ನನ್ನೂ ಕರೆದರು. ಮೂವರು ಕೂತಿದ್ದರು. ನಡುವಿನವರು ಬಿಳಿಯ ನಿಲುವಂಗಿಯ ವಯಸ್ಸಾದ ಪಾದ್ರಿ. ಮಂಗಳೂರಿನ ಕಡೆಯವರಂತೆ, ನನ್ನ ಹೆಸರು ಕೇಳುತ್ತಲೇ ಕನ್ನಡಕ್ಕೆ ಇಳಿದರು. ನನ್ನ ಕಣ್ಣು ಅವರ ಮೇಲೆ ನಿಲ್ಲಲಿಲ್ಲ. ನನ್ನ ಅಕ್ಷರವಿದ್ದ ಹಾಳೆ ಉಮಾಳ ಕೈಯಲ್ಲಿತ್ತು. ಮನೆಯವರು ಏನೇ ಬರೆದಿದ್ದರೂ ಸಂದರ್ಶನದ ದಿನ ಅದನ್ನು ಅಭ್ಯರ್ಥಿಯ ಮುಂದಿಟ್ಟು ಉತ್ತರ ಕೇಳುವುದು ಅಲ್ಲಿಯ ಪದ್ಧತಿಯಂತೆ. ಬೆನ್ನ ಹಿಂದೆ ಬರೆದದ್ದನ್ನು ಬೆನ್ನ ಹಿಂದೆಯೇ ಇಡುವ ಕಚೇರಿಯಲ್ಲಿ ಬೆಳೆದ ನನಗೆ ಇದು ಹೊಳೆದೇ ಇರಲಿಲ್ಲ. ಉಮಾ ಓದಿ ಮುಗಿಸಿ ಹಾಳೆಯನ್ನು ಮೇಜಿನ ಮೇಲಿಟ್ಟಳು. 'ಬರದದ್ದೆಲ್ಲಾ ಖರೇ ಐತ್ರಿ' ಎಂದಳು. ನನ್ನ ಕಡೆ ನೋಡಲಿಲ್ಲ.

ಪಾದ್ರಿ ನನ್ನತ್ತ ತಿರುಗಿದರು. 'ಹಿರೇಮಠರೇ, ಇಷ್ಟು ವರ್ಷದಿಂದ ನಾನು ಈ ಹಾಳೆಗಳನ್ನು ಓದ್ತಾ ಇದ್ದೇನೆ. ಎಲ್ಲರೂ ಮಕ್ಕಳನ್ನು ಹೊಗಳುವುದೇ. ಹೀಗೆ ಬರೆದವರು ನೀವು ಒಬ್ಬರೇ ಮಾರಾಯ್ರೆ.' ನಾನು ತಡವರಿಸುತ್ತ ಎಲ್ಲ ಹೇಳಿದೆ. ಗೋಪ್ಯ ವರದಿಯ ಕಾಲ, ಎಂಟು ಗುಮಾಸ್ತರು, ಅದೇ ಪೆನ್ನು, ಬಸ್ಸಿನಲ್ಲಿ ಓದಿ ಬೆವತದ್ದು. ಪಕ್ಕದ ಇಬ್ಬರೂ ನಕ್ಕರು, ಪಾದ್ರಿ ನಗಲಿಲ್ಲ. 'ಬರೆದದ್ದು ಅಭ್ಯಾಸ ಬಲದಿಂದ, ಒಪ್ಪಿದೆ. ಆದರೆ ಅದು ತಪ್ಪಾಯಿತು ಅಂತ ನಿಮಗೆ ಅದೇ ದಿನ ಗೊತ್ತಾಗಿದೆ. ಆಮೇಲೆ ಒಂದೂವರೆ ತಿಂಗಳು ಸುಮ್ಮನೆ ಕೂತದ್ದು ಯಾಕೆ? ಇವಳಿಗೆ ಸೀಟು ಸಿಗುವುದು ಬೇಡ ಅಂತ ಮನಸ್ಸಿನಲ್ಲಿ ಉಂಟಾ?'

ಇಂಥ ಪ್ರಶ್ನೆಗಳಿಗೆ ಉತ್ತರ ಕೊಡದೆ ಉತ್ತರಿಸುವುದನ್ನು ನಾನು ಇಪ್ಪತ್ತಾರು ವರ್ಷ ಅಭ್ಯಾಸ ಮಾಡಿದ್ದೇನೆ. ಅಂದು ಒಂದು ಪದವೂ ನೆನಪಿಗೆ ಬರಲಿಲ್ಲ. ಉಮಾ ಈಗ ನನ್ನನ್ನೇ ನೋಡುತ್ತಿದ್ದಳು. 'ಹೌದ್ರಿ ಫಾದರ್' ಎಂದೆ. 'ಸಿಗಬಾರದಂತನ ಇತ್ತು. ಇಕಿ ಹೋದಮ್ಯಾಲೆ ಮನ್ಯಾಗ ನನಗ ಎದುರು ಮಾತಾಡವ್ರು ಯಾರೂ ಇರಂಗಿಲ್ರಿ.' ಹೇಳಿದ ಮೇಲೆ ನನಗೂ ಅದು ಗೊತ್ತಾಯಿತು. ಪಾದ್ರಿ ನನ್ನ ಹಾಳೆಯನ್ನು ಮಡಚಿ ಫೈಲಿನೊಳಗಿಟ್ಟು, ನೀವಿನ್ನು ಹೋಗಬಹುದು ಎಂದು ಇಂಗ್ಲಿಷಿನಲ್ಲಿ ಹೇಳಿದರು.

ನಾಲ್ಕು ಗಂಟೆಗೆ ಹೆಸರುಗಳ ಪಟ್ಟಿ ಹಚ್ಚಿದರು. ಗುಂಪಿನೊಳಗೆ ನುಗ್ಗುವ ಧೈರ್ಯ ನನಗಿರಲಿಲ್ಲ. ಹುಡುಗರ ನಡುವಿನಿಂದ ಹೊರಗೆ ಬಂದ ಉಮಾಳ ಮುಖ ನೋಡಿಯೇ ನನ್ನ ಎದೆಯ ಭಾರ ಇಳಿಯಿತು. ಸೀಟು ಸಿಕ್ಕಿತ್ತು. ಇಳಿದ ಭಾರ ಕೆಳಗೆ ನಿಲ್ಲಲೂ ಇಲ್ಲ, ಮರುಗಳಿಗೆಯೇ ವಾಪಸು ಏರಿತು. ಏಕೆಂದರೆ ಅವಳು ನಗುತ್ತಿದ್ದದ್ದು ಪಟ್ಟಿ ನೋಡಿ, ನನ್ನನ್ನು ನೋಡಿ ಅಲ್ಲ. ಕ್ಯಾಂಟೀನಿನಲ್ಲಿ ಎದುರುಬದುರು ಕೂತು ಅರ್ಧ ಕಾಫಿ ಮುಗಿದ ಮೇಲೆ, ನನ್ನ ಮೇಲೆ ಸಿಟ್ಟು ಬಂದಿದೆಯೇನು ಎಂದು ಕೇಳಿದೆ. ಅವಳು ಲೋಟದೊಳಗೆ ನೋಡುತ್ತ ಹೇಳಿದಳು: 'ಸಿಟ್ಟಾಗಬೇಕೋ ಬ್ಯಾಡೋ ಅನ್ನೂದನ್ನ ಇನ್ನೂ ವಿಚಾರ ಮಾಡಾಕತ್ತೀನಿ, ಅಪ್ಪಾ. ಜಲ್ದಿ ಮಾಡಬ್ಯಾಡ್ರಿ.'

ಅವಳು ಹಾಸ್ಟೆಲಿಗೆ ಹೋಗಿ ಈಗ ಒಂದೂವರೆ ವರ್ಷವಾಯಿತು. ರಜೆಗೆ ಬರುತ್ತಾಳೆ, ಪಾಠದ ವಿಷಯ ಹೇಳುತ್ತಾಳೆ, ತಾಯಿ ಕಟ್ಟಿಕೊಟ್ಟ ಕಡಕ್ ರೊಟ್ಟಿ ಒಯ್ಯುತ್ತಾಳೆ. ನಾನು ಬರೆಯುವ ಪ್ರತಿ ಪತ್ರದ ಕೊನೆಗೂ, ಆ ಸಿಟ್ಟಿನ ವಿಷಯ ಏನಾಯಿತು ಎಂದು ಒಂದು ಸಾಲು ಸೇರಿಸುತ್ತೇನೆ. ಅದೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಉತ್ತರ ಬರುತ್ತದೆ. ಹೋದ ವಾರ ಇನ್ನು ತಡೆಯಲಾರದೆ, ಬೇರೆ ಸುದ್ದಿ ಏನೂ ಹಾಕದೆ ಅದನ್ನೊಂದನ್ನೇ ಕಾರ್ಡಿನಲ್ಲಿ ಬರೆದು ಕಳಿಸಿದೆ. ನಿನ್ನೆ ಜವಾಬು ಬಂತು. ದುಂಡಗಿನ ಅಕ್ಷರದಲ್ಲಿ ಒಂದೇ ಸಾಲು: 'ತಮ್ಮ ಮನವಿಯು ಪರಿಶೀಲನೆಯಲ್ಲಿದೆ, ಪದೇ ಪದೇ ಜ್ಞಾಪಿಸುವ ಅಗತ್ಯವಿಲ್ಲ.' ಈ ಸಾಲನ್ನು ನಾನು ನನ್ನ ಸರ್ವಿಸಿನಲ್ಲಿ ಎಷ್ಟು ಜನರಿಗೆ ಕಳಿಸಿದ್ದೇನೋ ಲೆಕ್ಕವಿಟ್ಟಿಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡು ಮನುಷ್ಯ ಗೇಟಿನ ಹತ್ತಿರ ಇಷ್ಟು ಹೊತ್ತು ನಿಂತುಬಿಡುತ್ತಾನೆ ಎಂದು ಅವರಲ್ಲಿ ಒಬ್ಬರೂ ನನಗೆ ತಿಳಿಸಿರಲಿಲ್ಲ.